ಹೆಸರಿಲ್ಲದ ತಾಟು

ಮಾನ್ವಿ ಬಜಾರಿನ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುವ ಹೀರಾಬಿಗೆ ಒಂದು ಜಂಬವಿತ್ತು. ತಾನು ಹೆಸರು ಹಾಕಿದ ಪಾತ್ರೆ ಯಾರ ಮನೆಯ ಮದುವೆಗೆ ಹೋದರೂ ತಿರುಗಿ ಒಡತಿಯ ಮನೆ ಸೇರಲೇಬೇಕು. ಇಪ್ಪತ್ತೆರಡು ವರ್ಷ ಆ ಗರ್ರೆನ್ನುವ ಪುಟ್ಟ ಮಷಿನ್ ಹಿಡಿದ ಕೈ, ಸುಮ್ಮನೆ ಮಾತೇ? ಇಂಗ್ಲಿಷ್ ಓದಲು ಬಾರದು. ಆದರೆ ಚೀಟಿಯಲ್ಲಿ ಹೇಗಿದೆಯೋ ಹಾಗೇ ತಾಟಿಗೆ ಇಳಿಸುತ್ತಿದ್ದಳು.

ಹೋದ ವರ್ಷ ಪೋತ್ನಾಳದ ಮೌನೇಶ್ವರಿ ಬಂದಳು. ದೇವದುರ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ಅವಳ ಚೀಟಿಯಲ್ಲಿ ಸಾಲಿಗೊಂದರಂತೆ ಹನ್ನೆರಡು ಇಂಗ್ಲಿಷ್ ಪದಗಳಿದ್ದವು.

"ಇವೇನವ್ವಾ, ಹನ್ನೆರಡು ಮಂದಿ ಹೆಸರೇನು?"

"ಹೆಸರಲ್ಲ ಚಾಚಿ, ಕೀಲಿ. ಹೊರದೇಶದವರ ಕೆಲಸ ಮಾಡಿಕೊಟ್ಟು ಮೂರು ವರ್ಷ ದುಡಿದದ್ದೆಲ್ಲಾ ಡಿಜಿಟಲ್ ನಾಣ್ಯದಾಗ ಅದ. ಅದಕ್ಕ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ. ಫೋನ್ ಕೆಟ್ಟರ ಈ ಹನ್ನೆರಡು ಮಾತು ಗೊತ್ತಿದ್ದವರೇ ಮಾಲಕರು. ಫೋಟೋ ತೆಗೆದಿಟ್ಟರ ಯಾರರ ಕದೀತಾರ, ಕಾಗದಕ್ಕ ಗೆದ್ದಲು ಹತ್ತತದ. ಸ್ಟೀಲಿನ ಮ್ಯಾಲ ಹಾಕಿಕೊಡ್ರಿ."

"ಹಾಕತೀನಿ. ಆದ್ರ ಹಿಂದಗಡೆ ನಿಮ್ಮ ಮನಿ ಹೆಸರೂ ಇರಲಿ. ಇಲ್ಲಂದ್ರ ತಾಟು ಮನಿಗೆ ಬರಂಗಿಲ್ಲ ನೋಡು."

"ಬ್ಯಾಡ್ರಿ! ಹೆಸರಿದ್ರ ಇದು ನಂದಂತ ನಾನೇ ಊರಿಗೆ ಸಾರಿದಂಗ ಆಗತದ."

ಓದಿದವಳ ಮುಂದೆ ತನ್ನದೇನು ಎಂದು ಹೀರಾಬಿ ಬಾಯಿ ಮುಚ್ಚಿಕೊಂಡು ಕೆತ್ತಿಕೊಟ್ಟಳು. ಮೌನೇಶ್ವರಿ ಚೀಟಿಯನ್ನು ಅಲ್ಲೇ ಸುಟ್ಟು, ತಾಟನ್ನು ಅಡುಗೆಮನೆಯ ತಾಟುಗಳ ನಡುವೆ ಬಚ್ಚಿಟ್ಟಳು. ಎಂಥ ಜಾಣೆ! ಅವ್ವ ಯಮನಮ್ಮನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಪಾಪ, ಆಕೆ ಒಂದು ದಿನ ಕುರ್ಡಿಯಲ್ಲಿರುವ ತಂಗಿ ಬೂದೆಮ್ಮನಿಗೆ ಹೋಳಿಗೆ ಕಳಿಸುವಾಗ ಕೈಗೆ ಸಿಕ್ಕ ಅದೇ ತಾಟನ್ನು ಡಬ್ಬಿಗೆ ಮುಚ್ಚಿ ಕಳಿಸಿಬಿಟ್ಟಳು.

ಮುಂದಿನ ತಿಂಗಳು ಮೌನೇಶ್ವರಿಯ ಫೋನ್ ನೀರಿನ ಟಾಕಿಗೆ ಬಿದ್ದು ಸತ್ತಿತು. ಹೊಸ ಫೋನ್ ಹನ್ನೆರಡು ಪದ ಕೇಳಿತು. ತಾಟು ಎಲ್ಲಿದೆ? ಅವ್ವನ ಬಾಯಲ್ಲಿ ಹೋಳಿಗೆಯ ಸುದ್ದಿ ಕೇಳಿ ಎದೆ ಒಡೆದುಕೊಂಡು ಹೀರಾಬಿಯ ಕಟ್ಟೆಗೆ ಬಂದಳು.

"ಅವ್ವ ಆ ತಾಟು ಕುರ್ಡಿಗೆ ಕಳಿಸಿಬಿಟ್ಟಾಳ. ಹುಡುಗ್ಯಾರಿಗೆ ಕಂಪ್ಯೂಟರ್ ಕಲಿಸೋ ಜಾಗ ಮಾಡಬೇಕಂತಿದ್ದೆ ಚಾಚಿ, ಎಲ್ಲಾ ಹೋತು. ಇಂಟರ್ನೆಟ್‌ನಾಗ ಒಬ್ಬಾತ ತೆಗೆಸಿಕೊಡತೀನಿ ಅಂತಾನ. ನೆನಪಿದ್ದಷ್ಟು ಮಾತು ಕಳಿಸಂತಾನ."

"ಏನು? ಕೀಲಿ ಕೇಳಾಂವ ಕಳ್ಳ, ಮೊದಲು ಅವನನ್ನ ಬ್ಲಾಕ್ ಮಾಡು!" ಹೀರಾಬಿ ಗದರಿದಳು. ತುಂಬಿದ ಬಜಾರಿನ ಹೊತ್ತಿನಲ್ಲೇ ಮಷಿನನ್ನು ಚೀಲಕ್ಕೆ ತುರುಕಿದಳು. "ಏಳು. ಕುರ್ಡಿಗೆ ಹೋಗೋಣು."

ಕುರ್ಡಿಯಲ್ಲಿ ಬೂದೆಮ್ಮ ಕೈ ಝಾಡಿಸಿದಳು. "ಎಲ್ಲಿಂದ ಬಂದ ತಾಟಂತ ಮರ್ತು ನಾಕು ಮನ್ಯಾಗ ಕೇಳಿದೆ, ಯಾರೂ ನಮ್ದಂತ ಅನ್ನಲಿಲ್ಲ. ಹೆಸರಿದ್ರ ಕೊಟ್ಟುಬಿಡತಿದ್ದೆ. ನಿನ್ನೆ ಹಳೇ ಪಾತ್ರಿ ಜೋಡಿ ರಾಯಚೂರಿನ ಗುಜರಿ ಹುಸೇನಪೀರಗ ಹಾಕಿ ಒಂದು ಬುಟ್ಟಿ ತಗೊಂಡೆ."

ನಾನು ಹೇಳಿರಲಿಲ್ಲವೇ ಎಂಬ ಮಾತು ಹೀರಾಬಿಯ ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿಯ ಬಾಡಿದ ಮುಖ ನೋಡಿ ನುಂಗಿಕೊಂಡಳು.

ರಾಯಚೂರಿನ ಗೋದಾಮಿನಲ್ಲಿ ಹುಸೇನಪೀರ ಪಾತ್ರೆಯ ಗುಡ್ಡೆ ತೋರಿಸಿದ. "ನಾಕಕ್ಕ ಲಾರಿ ಬರತದ ಚಾಚಿ. ಎಲ್ಲಾ ಕರಗಿಸಾಕ ಹೋಗತದ."

"ನಾನು ಎದ್ದ ಮ್ಯಾಲೇ ಹೋಗತದ ನಿನ್ನ ಲಾರಿ," ಎಂದವಳೇ ಗುಡ್ಡೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಕಣ್ಣಿಗಿಂತ ಬೆರಳನ್ನು ನಂಬಿದಳು. ಪ್ರತಿ ಸಾಲು ಶುರು ಮಾಡುವಾಗ ಮಷಿನ್ ತುದಿಯನ್ನು ಒಮ್ಮೆ ಒತ್ತುವುದು ಅವಳ ಕೈಯ ಚಾಳಿ. ಆ ಚುಕ್ಕೆಗಳಿಗಾಗಿ ತಾಟಿನ ಮೇಲೆ ತಾಟು ತಡವಿದಳು. ಅಂಚು ಕೊಯ್ದು ಬೆರಳಲ್ಲಿ ರಕ್ತ ಬಂತು. ಸೆರಗಿಗೆ ಒರೆಸಿಕೊಂಡು ಮತ್ತೆ ತಡವಿದಳು. ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಹೊಡೆಯಲಿ, ಅವನಪ್ಪನ ಗಂಟೇನು ಹೋಗುತ್ತದೆ! ಕೊನೆಗೆ ಬೆರಳಿಗೆ ಹನ್ನೆರಡು ಚುಕ್ಕೆ ಸಿಕ್ಕವು.

ಮೌನೇಶ್ವರಿ ಅಲ್ಲೇ ಪದಗಳನ್ನು ಫೋನಿಗೆ ಹಾಕಿದಳು. ದುಡಿಮೆಯೆಲ್ಲ ಹಾಗೇ ಇತ್ತು. ಅಳುತ್ತಾ ಚಾಚಿಯನ್ನು ತಬ್ಬಿಕೊಂಡಳು.

"ಅಳಾದು ಆಮ್ಯಾಲ. ಈ ತಾಟು ಎಷ್ಟು ಮಂದಿ ಕೈಯಾಗ ತಿರುಗ್ಯದ? ಯಾರರ ಫೋಟೋ ತಗೊಂಡಿದ್ರ?"

ಮೌನೇಶ್ವರಿ ಕಣ್ಣೊರೆಸಿಕೊಂಡಳು. "ಖರೆ ಚಾಚಿ. ಈ ಕೀಲಿ ಇನ್ನ ನಡಿಯಂಗಿಲ್ಲ. ಹೊಸ ಕೀಲಿ ಹಾಕಿ ಹೊಸ ವಾಲೆಟ್ ಮಾಡಿ ಎಲ್ಲಾ ನಾಣ್ಯ ಅಲ್ಲಿಗೆ ಸಾಗಿಸಬೇಕು." ಅಲ್ಲೇ ಕೂತು ಸಾಗಿಸಿದಳು. ಬರಿದಾದ ಹಳೆಯ ಕೀಲಿಯ ತಾಟನ್ನು ಹೀರಾಬಿ ತನ್ನ ಕೈಯಾರೆ ಲಾರಿಗೆ ಎಸೆದಳು.

ಮರುದಿನ ಮೌನೇಶ್ವರಿ ಹೊಸ ತಾಟು, ಹೊಸ ಚೀಟಿ ತಂದಳು. ಹೀರಾಬಿ ಚೀಟಿ ಮುಟ್ಟಲಿಲ್ಲ.

"ನಾನೂ ನೋಡಬಾರದು. ಹಿಡಿ." ಇಪ್ಪತ್ತೆರಡು ವರ್ಷ ಯಾರಿಗೂ ಕೊಡದ ಮಷಿನನ್ನು ಅವಳ ಕೈಗಿಟ್ಟು, ಬಜಾರಿನ ಕಡೆ ಮುಖ ಮಾಡಿ ಕೂತಳು. "ಸೊಟ್ಟಾದ್ರ ಆಗಲಿ, ಓದಾಕ ಬಂದ್ರ ಸಾಕು. ಕೈ ನಡುಗಿಸಬ್ಯಾಡ!"

ಬಹಳ ಹೊತ್ತಾದ ಮೇಲೆ ಗರ್ರೆನ್ನುವ ಸದ್ದು ನಿಂತಿತು. ಮೌನೇಶ್ವರಿ ಚೀಟಿ ಸುಟ್ಟು, ತಾಟನ್ನು ಬೋರಲು ಮಾಡಿ ಮುಂದಿಟ್ಟಳು.

"ಹಿಂದಗಡೆ ನೀವು ಹೆಸರು ಹಾಕ್ರಿ ಚಾಚಿ. ಅವ್ವಗ ಎಲ್ಲಾ ಹೇಳೀನಿ. ಇನ್ನ ಆಕಿ ಟ್ರಂಕಿನಾಗ ಇರತದ ಇದು."

ಹೀರಾಬಿ ಬಟ್ಟೆ ಸುತ್ತಿದ ಬೆರಳುಗಳಿಂದ ಮಷಿನ್ ಹಿಡಿದು 'ಯಮನಮ್ಮ, ಪೋತ್ನಾಳ' ಎಂದು ಕೆತ್ತಿದಳು. ತಾಟನ್ನು ತಿರುವಿ ನೋಡದೆ ಹಾಗೇ ಬೋರಲಾಗಿ ಹುಡುಗಿಯ ಕೈಗೆ ಕೊಟ್ಟಳು.