ಯೋಚನೆ ಮಾಡಿ ಹೇಳುವ ಗದ್ದೆಪ್ಪ

ಮಸ್ಕಿಯ ಸರ್ಕಾರಿ ಕಚೇರಿಯೊಂದರ ಗುಮಾಸ್ತ ಗದ್ದೆಪ್ಪನನ್ನು ಏನು ಕೇಳಿದರೂ ಬರುವ ಉತ್ತರ ಒಂದೇ: "ಯೋಚನೆ ಮಾಡಿ ಹೇಳ್ತೀನ್ರೀ." ಮಂಡಕ್ಕಿ ಒಗ್ಗರಣೆಯೋ ಇಡ್ಲಿಯೋ ಎಂದು ಅವನು ತೂಗಿ ನೋಡುವಷ್ಟರಲ್ಲಿ ಹೋಟೆಲಿನಲ್ಲಿ ಎರಡೂ ತೀರಿರುತ್ತವೆ. ಮುಂದಿನದರಲ್ಲಿ ಕಿಟಕಿ ಸೀಟು ಸಿಕ್ಕೀತೆಂದು ಲಿಂಗಸುಗೂರಿನ ಬಸ್ಸುಗಳನ್ನು ಬಿಡುತ್ತಾ ಹೋಗಿ, ಕೊನೆಗೆ ನಿಂತುಕೊಂಡೇ ಪ್ರಯಾಣಿಸುತ್ತಾನೆ. ನೀಲಿ ಅಂಗಿ ಕೊಂಡರೆ ಮನೆ ಮುಟ್ಟುವ ಮೊದಲೇ ಬಿಳಿಯದಕ್ಕಾಗಿ ಹಳಹಳಿಸುತ್ತಾನೆ. "ಗದ್ದೆಪ್ಪ ಸೀನಬೇಕಾದ್ರೂ ಯೋಚನೆ ಮಾಡ್ತಾನ" ಎಂದು ಜೊತೆಯವರು ನಗುತ್ತಾರೆ, ಅವನೂ ನಗುತ್ತಾನೆ. ಹಿಂದೊಮ್ಮೆ ಅದೇ ಕಚೇರಿಯಲ್ಲಿದ್ದ ದೀಪಾ, ಊಟದ ಡಬ್ಬಿ ಮುಚ್ಚುತ್ತಾ, "ಸಿಂಧನೂರಿನವ್ರು ನನ್ನ ನೋಡಾಕ ಬರಾಕತ್ತಾರ. ಬ್ಯಾಡ ಅನ್ಲೇನ್ರೀ?" ಎಂದು ಕೇಳಿದ್ದಳು. ಬೇಡವೆನ್ನಿ ಎನ್ನಲು ಗದ್ದೆಪ್ಪನ ಜೀವ ತುಡಿಯಿತು. ಆದರೆ ತನ್ನ ಸಂಬಳ, ತಾಯಿಯ ಹಟ, ಅವಳ ಮನೆಯವರ ಮನಸ್ಸು ಎಲ್ಲವನ್ನೂ ಅಳೆದು ನೋಡಬೇಕಿತ್ತು; ಅಳೆಯುತ್ತಿರುವಾಗಲೇ ಅವಳ ಮದುವೆಯಾಯಿತು. ಮೊನ್ನೆ ಮಸ್ಕಿ ಬಸ್ ನಿಲ್ದಾಣದಲ್ಲಿ ಮಗಳ ಕೈ ಹಿಡಿದು ನಿಂತಿದ್ದ ದೀಪಾ ಅವನನ್ನು ಕಂಡು ನಕ್ಕಳು. "ಅವತ್ತು ಕೇಳಿದ್ದಕ್ಕ ಏನ್ ಯೋಚನೆ ಮಾಡಿದ್ರಿ?" ಗದ್ದೆಪ್ಪ ಮಗುವಿನ ಮುಖ ನೋಡಿದ. "ಬ್ಯಾಡ ಅನ್ರಿ ಅಂತ ಹೇಳ್ಬೇಕಂತಿದ್ದೆ" ಎಂದ. ದೀಪಾಳ ನಗು ನಿಂತಿತು. "ಒಂದ ಮಾತಿತ್ತಲ್ರೀ ಅದು" ಎಂದು ಮೆಲ್ಲಗೆ ಹೇಳಿ, ಮಗಳನ್ನು ಎತ್ತಿಕೊಂಡು ಸಿಂಧನೂರಿನ ಬಸ್ಸು ಹತ್ತಿದಳು.