ಎತ್ತಿ ಕುಡಿಯುವ ಔಷಧ

ನಮ್ಮ ಮನೆಯವರು ಮಡಿ ಅಡಿಗೆಯವರು. ರಾಮದುರ್ಗದಿಂದ ಕಿತ್ತೂರಿನವರೆಗೆ ಯಾರ ಮನೆಯಲ್ಲಿ ಶ್ರಾದ್ಧವಿರಲಿ, ಮುಂಜಿವೆಯಿರಲಿ, ಬೆಳಗಿನ ಬಸ್ಸಿಗೆ ನಾವಿಬ್ಬರೂ ಚೀಲ ಹಿಡಿದು ಹೊರಡುತ್ತೇವೆ. ಅವರು ಒಲೆಯ ಮುಂದೆ, ನಾನು ಹೂರಣದ ಮುಂದೆ. ಈಗ ಎಲ್ಲ ಕಡೆ ಗ್ಯಾಸ್ ಬಂದಿದ್ದರೂ ಹಿರಿಯರ ತಿಥಿಗೆ ಕಟ್ಟಿಗೆ ಒಲೆಯೇ ಬೇಕೆನ್ನುವ ಮನೆಗಳು ಇನ್ನೂ ಇವೆ. ಆ ಹೊಗೆಯೆಲ್ಲ ಹಂಚು ದಾಟಿ ಆಕಾಶಕ್ಕೆ ಹೋಯಿತೆಂದು ನಾನು ತಿಳಿದಿದ್ದೆ. ಅರ್ಧ ಅವರ ಎದೆಯೊಳಗೇ ಉಳಿದಿತ್ತು.

ಶ್ವಾಸಕೋಶದ ರೋಗ, ಗುಣವಾಗುವುದಲ್ಲ, ಸಂಗಡ ಇಟ್ಟುಕೊಂಡೇ ಬಾಳಬೇಕು ಎಂದು ಬೈಲಹೊಂಗಲದ ಡಾಕ್ಟರು ಹೇಳಿ, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. ಮನೆಯಲ್ಲಿ ಎಳೆದುಕೊಳ್ಳುತ್ತಿದ್ದರು. ಆದರೆ ದಮ್ಮು ಹತ್ತುವುದು ಒಲೆಯ ಮುಂದೆ, ಅಲ್ಲಿ ಮಡಿ. ತುಟಿಗೆ ತಾಗಿದ್ದೆಲ್ಲ ಎಂಜಲು. ಶ್ರಾದ್ಧದ ಅಡಿಗೆಯನ್ನು ಉಪ್ಪು ಹೆಚ್ಚೋ ಕಡಿಮೆಯೋ ಎಂದು ನಾಲಗೆಗೆ ಹಚ್ಚಿ ನೋಡುವಂತಿಲ್ಲ. ಇನ್ನು ಪಂಪು ಬಾಯಿಗಿಡುವ ಮಾತೆಲ್ಲಿ ಬಂತು!

ಆಗ ಬಂದದ್ದು ಬ್ರಾಂದಿ. ಕಿತ್ತೂರಿನ ಹೆದ್ದಾರಿಯ ಬದಿಗೆ ಪಾತ್ರೆ ಬಾಡಿಗೆ ಕೊಡುವವನೊಬ್ಬ ಇವರ ಏದುಸಿರು ನೋಡಲಾರದೆ, ಬಿಸಿನೀರಿಗೆ ಎರಡು ಮುಚ್ಚಳ ಹಾಕಿಕೊಂಡರೆ ಕಫ ಕರಗುತ್ತದೆ ಎಂದು ಹೇಳಿಕೊಟ್ಟ. ಜನ್ಮದಲ್ಲಿ ಉಳ್ಳಾಗಡ್ಡಿ ಮುಟ್ಟದ ಮನುಷ್ಯ ಬಾಟಲಿಯನ್ನು ಮುಟ್ಟುವುದುಂಟೆ? ಅವನಿಂದಲೇ ಸಣ್ಣ ಹಿತ್ತಾಳೆ ತಂಬಿಗೆಗೆ ಸುರಿಸಿಕೊಂಡು ಬಂದರು. ತಲೆ ಹಿಂದಕ್ಕೆ ಹಾಕಿ, ಬಾಯಿ ಹಚ್ಚದೆ, ತೀರ್ಥಕ್ಕಿಂತ ಭಕ್ತಿಯಿಂದ ಮೇಲಿನಿಂದ ಸುರಿದುಕೊಂಡರು.

“ಇದೇನ್ರಿ ಹೊಸಾ ಶಾಸ್ತ್ರ?” ಎಂದೆ.

“ಔಷಧಕ್ಕ ಮೈಲಗಿ ಇಲ್ಲ. ಎಂಜಲಕ್ಕ ಅದ. ಎತ್ತಿ ಕುಡದ್ರ ಎಂಜಲಾ ಎಲ್ಲಿಂದ ಬಂತು?”

ನಾನು ನಕ್ಕುಬಿಟ್ಟೆ. ವಾದದಲ್ಲಿ ಅವರನ್ನು ಗೆದ್ದವರಿಲ್ಲ. ಅಲ್ಲದೆ ಅವತ್ತು ಅವರ ಉಸಿರು ನಿಜಕ್ಕೂ ಹಗುರಾದಂತಿತ್ತು.

ಆಮೇಲಿನ ಮಧ್ಯಾಹ್ನಗಳು ಇವತ್ತಿಗೂ ನನಗೆ ಅರೆನಿದ್ದೆಯಲ್ಲಿ ಕಂಡಂತೆ ನೆನಪಾಗುತ್ತವೆ. ಸವದತ್ತಿಯ ಯಾವುದೋ ಮನೆಯ ಪಡಸಾಲೆ, ಎಲ್ಲರೂ ಉಂಡು ಮಲಗಿದ ಹೊತ್ತು, ಹಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಒಲೆಯ ಹೊಗೆ ಇನ್ನೂ ಹೊರಳಾಡುತ್ತಿರುವುದು. ಅವರು ಕಂಬಳಿಯ ಮೇಲೆ ಅಡ್ಡಾಗಿದ್ದಾರೆ. ಹಗಲೆಲ್ಲ ಅವರ ಎದೆಯಲ್ಲಿ ಪಾರಿವಾಳದ ಹಾಗೆ ಗುಟುರು ಹಾಕುತ್ತಿದ್ದ ಸದ್ದು ತಂಬಿಗೆ ಎತ್ತಿದ ಮೇಲೆ ಮೆಲ್ಲಗೆ ಅಡಗುತ್ತಿತ್ತು. ನಾನು ಕಂಬಕ್ಕೆ ಒರಗಿ, ಅದು ಹಾರಿಹೋಯಿತು, ಇನ್ನು ಬರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ. ಹೊರಗೆ ಜೋಳದ ಸೊಪ್ಪೆ ಗಾಳಿಗೆ ಸರಸರ ಎನ್ನುತ್ತಿತ್ತು. ಬಸ್ಸು ಬರುವ ತನಕ ಜಗತ್ತಿನಲ್ಲಿ ಯಾವ ಕೆಲಸವೂ ಇರುತ್ತಿರಲಿಲ್ಲ. ಅಷ್ಟು ಸುಖವಾಗಿ ನಾನು ನನ್ನ ತವರಿನಲ್ಲೂ ಕೂತವಳಲ್ಲ.

ಎರಡು ಮುಚ್ಚಳ ನಾಲ್ಕಾಗಿದ್ದು ಯಾವಾಗ ಎಂದು ನನಗೆ ತಿಳಿಯಲೇ ಇಲ್ಲ. ತಂಬಿಗೆಗೆ ಗೆರೆ ಇರುವುದಿಲ್ಲವಲ್ಲ.

ಕಿತ್ತೂರಿನ ಒಂದು ಮನೆಯಲ್ಲಿ ಹಾಗೆಯೇ ಮಲಗಿದ್ದರು. ಬಸ್ಸಿನ ಹೊತ್ತಾಯಿತೆಂದು ಭುಜ ಅಲುಗಾಡಿಸಿದೆ. ಕಣ್ಣು ಬಿಡಲಿಲ್ಲ. ಎಷ್ಟು ಶಾಂತವಾಗಿತ್ತು ಆ ಮುಖ! ಕನಸು ಕೆಡಿಸಬಾರದೆಂದು ಕೈ ಹಿಂದೆಗೆದೆ ಕೂಡ. ಆಮೇಲೆ ಅವರ ಉಗುರು ಕಂಡವು, ನೇರಳೆಹಣ್ಣು ಹಿಚುಕಿದ ಬಣ್ಣ. ತುಟಿಯೂ ಹಾಗೆಯೇ. ನಾನು ಚೀರಿದ ಚೀರಿಗೆ ಮನೆಯವರೆಲ್ಲ ಓಡಿಬಂದು, ತಮ್ಮ ಕಾರಿನಲ್ಲಿ ಹಾಕಿಕೊಂಡು ಬೈಲಹೊಂಗಲಕ್ಕೆ ಒಯ್ದರು. ದಾರಿಯುದ್ದಕ್ಕೂ ಅವರ ಎದೆಗೆ ಕಿವಿಯಿಟ್ಟು ಕೂತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಕಬ್ಬಿನ ಹೊಲವೊಂದು ಇಡಿಯಾಗಿ ಹಿಂದೆ ಸರಿಯುತ್ತಿತ್ತು.

ಮೂಗಿಗೆ ಆಮ್ಲಜನಕ ಹಚ್ಚಿ, ಉಸಿರು ಒಂದು ಹದಕ್ಕೆ ಬಂದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು.

“ಅಕ್ಕಾರ, ಇವ್ರು ಕುಡೀತಾರೇನ್ರಿ?”

“ಛೇ, ಇಲ್ರಿ! ಔಷಧ ತಗೋತಾರ, ಎತ್ತಿ.”

ಅವರು ನಗಲಿಲ್ಲ. “ಅದರಿಂದ ದಮ್ಮ ಕಡಿಮಿ ಆಗೂದಿಲ್ರಿ. ದಮ್ಮ ಹತ್ತಿದ್ದು ಗೊತ್ತಾಗೂದು ಕಡಿಮಿ ಆಗತೈತಿ. ನೀವು ಸುಖದ ನಿದ್ದಿ ಅಂತ ತಿಳದೀರಿ. ಅವ್ರ ಉಸರೂ ಮಲಗಾಕ ಹತ್ತಿತ್ತು.”

ಹಾಗಾದರೆ ಆ ಮಧ್ಯಾಹ್ನಗಳಲ್ಲಿ ನಾನು ಕಾವಲು ಕೂತಿದ್ದು ಯಾವುದಕ್ಕೆ? ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಾತ್ರೆಯವನ ಮೇಲೆ, ತಂಬಿಗೆಯ ಮೇಲೆ, ಉಸಿರಿಗಿಂತ ಮಡಿ ದೊಡ್ಡದೆಂದ ಇವರ ಮೇಲೆ.

ಇವರು ಮನೆಗೆ ಬಂದರು, ಚೇತರಿಸಿಕೊಂಡರು, ಇನ್ನು ಮುಟ್ಟುವುದಿಲ್ಲ ಎಂದರು. ಈ ಸಲದ ಪಿತೃಪಕ್ಷದಲ್ಲಿ ರಾಮದುರ್ಗದಲ್ಲೇ ಒಂದು ಶ್ರಾದ್ಧ ಬಂತು. ಮತ್ತೆ ಕಟ್ಟಿಗೆ ಒಲೆ. ಚೀಲದಲ್ಲಿ ತಂಬಿಗೆ ಕಂಡಿತು. ನಾನು ಅದರಲ್ಲಿದ್ದದ್ದನ್ನು ಬಚ್ಚಲಿಗೆ ಚೆಲ್ಲಿ, ಬೆಳಗಿ, ತುಳಸಿ ಹಾಕಿದ ಬಿಸಿನೀರು ತುಂಬಿಟ್ಟೆ.

ವಡೆ ಕರಿಯುವಾಗ ದಮ್ಮು ಹತ್ತಿತು. ಅವರು ತಂಬಿಗೆ ಎತ್ತಿದರು, ಸುರಿದುಕೊಂಡರು, ನಿಂತರು. ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಬರೀ ಹೆದರಿಕೆ. ನಾನು ಸೊಂಟಕ್ಕೆ ಸಿಗಿಸಿಕೊಂಡಿದ್ದ ಪಂಪು ತೆಗೆದು ಅವರ ಬಾಯಿಯ ಹತ್ತಿರ ಹಿಡಿದೆ. ಮುಖ ತಿರುಗಿಸಿದರು.

“ಎಂಜಲಾ... ಆಗ್ತದ. ಸರಿ ಆಕಡೆ.”

ಬಾಗಿಲಲ್ಲಿ ಆ ಮನೆಯ ಹಿರಿಯ ಹೆಂಗಸು ನಿಂತು ನೋಡುತ್ತಿದ್ದರು. ನೋಡಲಿ.

“ಮದಿವಿ ಆದಾಗಿಂದ ನಿಮ್ಮ ಎಂಜಲೆಲಿಯೊಳಗ ಉಂಡೇನ್ರಿ. ನನಗೇನಾಗೇದ? ನಾಳಿಗೂ ಅದ ಎಲಿಯೊಳಗ ಉಣಬೇಕು ನಾ. ಬಾಯಿ ತಗೀರಿ.”

ಅವರು ಬಾಯಿ ತೆರೆದರು. ನಾನು ಒತ್ತಿದೆ, ಅವರು ಎಳೆದುಕೊಂಡರು. ಎಣ್ಣೆಯಲ್ಲಿ ಒಂದು ವಡೆ ಕರಕಲಾಯಿತು. ಹಿರಿಯ ಹೆಂಗಸು ಒಳಗೆ ಹೋಗಿ, ಕೈ ಬಾಯಿ ತೊಳೆಯಲು ಒಂದು ಕೊಡ ನೀರು ತಂದು ಹೊಸ್ತಿಲ ಬಳಿ ಇಟ್ಟರು. ಮುಂದಿನ ವರ್ಷ ನಮ್ಮನ್ನು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ.

ಎಲ್ಲರ ಊಟವಾದ ಮೇಲೆ ಇವರು ಹಿತ್ತಲ ಕಟ್ಟೆಯಲ್ಲಿ ಉಂಡರು. ಎಲೆಯ ತುದಿಗೆ ಅರ್ಧ ಹೋಳಿಗೆ ಬಿಟ್ಟು ಎದ್ದು, ಗೋಡೆಗೆ ಒರಗಿ, “ಉಣ್ಣು” ಎಂದರು. ಎದೆಯಲ್ಲಿ ಪಾರಿವಾಳ ಸಣ್ಣಗೆ ಗುಟುರು ಹಾಕುತ್ತಿತ್ತು. ಹಾಕಲಿ ಎಂದುಕೊಂಡು ಅದೇ ಎಲೆಗೆ ಕೂತೆ.