ಕಪ್ಪೆಚಿಪ್ಪಿನ ಊಟ

ನಮ್ಮ ಅಕ್ಕೋರ ಬಲಗೈ ಹೆಬ್ಬೆರಳಿನ ಮೇಲೆ ಅಡ್ಡಕ್ಕೊಂದು ಬಿಳಿ ಗೆರೆ ಇತ್ತು. ತುಂಗಭದ್ರೆಯ ಕೆಸರಿನಲ್ಲಿ ಕೈಯಾಡಿಸುವಾಗ ಕಪ್ಪೆಚಿಪ್ಪು ಕೊಯ್ದ ಗುರುತದು. ಇಟ್ಟಿಗಿ ಕಡೆಯ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಸೀಮೆಸುಣ್ಣ ಹಿಡಿದಾಗಲೆಲ್ಲ ನಾನು ಬೋರ್ಡು ಬಿಟ್ಟು ಆ ಗೆರೆಯನ್ನೇ ನೋಡುತ್ತಿದ್ದೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರು ಹೊಳೆಯಿಂದ ಆರು ಜೀವಂತ ಚಿಪ್ಪು ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟರು. ಹಗರಿಬೊಮ್ಮನಹಳ್ಳಿಯ ವಿಜ್ಞಾನ ಪ್ರದರ್ಶನದಲ್ಲಿ ಅವುಗಳ ಬಗ್ಗೆ ಮಾತಾಡುವ ಕೆಲಸ ನನ್ನದು. ಊರಾಚೆ ನಾಲ್ಕು ಜನರೆದುರು ಬಾಯಿ ಬಿಡಲು ನನಗೆ ಸಿಕ್ಕ ಮೊದಲ ಅವಕಾಶ. ನಾಲ್ಕು ದಿನ ನೋಡಿದೆ. ಆ ಚಿಪ್ಪುಗಳಿಗೆ ಯಾರೂ ಏನೂ ಹಾಕುತ್ತಿರಲಿಲ್ಲ. ಹಸಿದಿರಬೇಕು ಅಂದುಕೊಂಡೆ. ಶನಿವಾರ ಮನೆಯಿಂದ ಒಂದು ಬೊಗಸೆ ಜೋಳದ ಹಿಟ್ಟು ತಂದು ತೊಟ್ಟಿಗೆ ಸುರಿದು, ದೊಡ್ಡ ಉಪಕಾರ ಮಾಡಿದವಳಂತೆ ಮನೆಗೆ ಹೋದೆ. ಸೋಮವಾರ ಬಂದರೆ ನೀರು ಹುಳಿ ನಾತ ಹೊಡೆಯುತ್ತಿತ್ತು. ಆರೂ ಚಿಪ್ಪು ತೆರೆದುಕೊಂಡು ಸತ್ತುಬಿದ್ದಿದ್ದವು.

ಅಳುತ್ತಾ ಒಪ್ಪಿಕೊಂಡೆ. ಪ್ರದರ್ಶನ ಇನ್ನು ಬೇರೆಯವರ ಪಾಲು ಅಂದುಕೊಂಡೆ. ಅಕ್ಕೋರು ಬೈಯಲಿಲ್ಲ.

"ಹಸ್ದಾವು ಅಂತ ಹಾಕಿದಿ, ಅದು ತಪ್ಪಲ್ಲ. ಏನು ತಿಂತಾವು ಅಂತ ಕೇಳಲಿಲ್ಲ ನೋಡು, ಅದು ತಪ್ಪು," ಎಂದರು.

ಸಂಜೆ ನನ್ನನ್ನೇ ಹೊಳೆಗೆ ಕರೆದೊಯ್ದು, ನನ್ನ ಕೈಯಿಂದಲೇ ಬೇರೆ ಚಿಪ್ಪು ಹೆಕ್ಕಿಸಿದರು. ಮಾರನೆಯ ಬೆಳಿಗ್ಗೆ ಎರಡು ಬಾಟಲಿಗಳಿಗೆ ಕೆರೆಯ ಹಸಿರು ನೀರು ತುಂಬಿ, ಒಂದರಲ್ಲಿ ಮಾತ್ರ ಚಿಪ್ಪು ಬಿಟ್ಟರು. ಶಾಲೆ ಬಿಡುವ ಹೊತ್ತಿಗೆ ಆ ಬಾಟಲಿಯ ನೀರು ತಿಳಿಯಾಗಿ, ಅದರಾಚೆಗಿನ ಕಿಟಕಿಯ ಸರಳು ಕಾಣಿಸುತ್ತಿತ್ತು. ಚಿಪ್ಪು ಒಂದು ಕಿಂಡಿಯಿಂದ ನೀರೆಳೆದು, ಪಾಚಿಯ ಸಣ್ಣ ಕಣಗಳನ್ನು ಕಿವಿರಿನಲ್ಲಿ ಸೋಸಿ ತಿಂದು, ನೀರನ್ನು ಇನ್ನೊಂದು ಕಿಂಡಿಯಿಂದ ಹೊರಗೆ ಬಿಡುತ್ತದೆಂದು ಆಗ ತಿಳಿಯಿತು. ಪ್ರದರ್ಶನದಲ್ಲಿ ನಾನೇ ಮಾತಾಡಿದೆ. ಆರನ್ನು ಕೊಂದದ್ದನ್ನೂ ಹೇಳಬೇಕೆಂದು ಅಕ್ಕೋರು ಅಂದಿದ್ದರು, ಅದನ್ನೂ ಹೇಳಿದೆ.

ಈಗ ನಾನು ಹರಪನಹಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಹೊಸ ಹುಡುಗಿ ತಟ್ಟೆಯ ಮುಂದೆ ಕೂತು ಅತ್ತರೆ, ಮನೆಯಲ್ಲಿ ಏನು ಉಣ್ಣುತ್ತಿದ್ದೆ ಎಂದು ಮೊದಲು ಕೇಳುತ್ತೇನೆ. ಒಳ್ಳೆಯ ಗುಣ ಎಂದು ಎಲ್ಲರೂ ಹೊಗಳುತ್ತಾರೆ. ಯಾರ ಗುಣವೆಂದು ಹೇಳದೆ ನಾನೂ ನಾಚಿಕೆಯಿಲ್ಲದೆ ಹೊಗಳಿಸಿಕೊಂಡಿದ್ದೇನೆ.

ಹೋದ ಬೇಸಿಗೆಯಲ್ಲಿ ಅಕ್ಕೋರು ಹಾಸಿಗೆ ಹಿಡಿದರು. ಏನು ಕೊಟ್ಟರೂ ಮುಖ ತಿರುಗಿಸುತ್ತಾರೆಂದು ಅವರ ಮಗಳು ಫೋನಿನಲ್ಲಿ ಅತ್ತಳು. ಹೋಗಿ ನೋಡಿದರೆ ದಿಂಬಿನ ಪಕ್ಕದಲ್ಲಿ ಎಳನೀರು, ಸೇಬು, ಡಬ್ಬಿಯ ಪುಡಿ ಬೆರೆಸಿದ ಹಾಲು ಹಾಗೇ ಇದ್ದವು. ನಾನೂ ಸೇಬನ್ನೇ ಒಯ್ದಿದ್ದೆ. ಅದನ್ನು ಚೀಲದಲ್ಲೇ ಬಿಟ್ಟು, ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಕೇಳಿದೆ.

ಅಕ್ಕೋರು ಮುಖವನ್ನು ನನ್ನ ಕಡೆ ತಿರುಗಿಸಿದರು.

"ಜ್ವಾಳದ ಅಂಬ್ಲಿ," ಎಂದರು. "ಹಿಟ್ಟು ಜಾಸ್ತಿ ಹಾಕಬ್ಯಾಡವ್ವ. ನಿನ್ನ ಕೈ ನಂಗೊತ್ತೈತಿ."

ಒಂದೇ ಚಮಚ ಹಿಟ್ಟು ಕದಡಿ, ತೆಳ್ಳಗೆ ಕಾಸಿಕೊಟ್ಟೆ. ಅರ್ಧ ಲೋಟ ಕುಡಿದರು. ಮೂರನೆಯ ದಿನ ತೀರಿಕೊಂಡರು, ಆದರೆ ಹಸಿದು ಹೋಗಲಿಲ್ಲ.